ಚಿಗವ್ವ ಚೈನ್ ಲೋಡರ್ ಆರಿಸಿದ್ದು

ನಮ್ಮ ಚಿಗವ್ವನನ್ನು ಅವಳ ಗಂಡನೂ ‘ಸಿಸ್ಟರ್’ ಎಂದೇ ಕರೆಯುತ್ತಾನೆ. ನಗಬೇಡಿ, ನಿಜ! ಕೂಡ್ಲಿಗಿಯ ಅರ್ಧ ಊರು ಅವಳನ್ನು ಹಾಗೆ ಕರೆಯುತ್ತದೆ. ಉಳಿದರ್ಧ ಊರು ಅವಳ ಕೈಯಿಂದ ಸೂಜಿ ಚುಚ್ಚಿಸಿಕೊಂಡ ನೆನಪಿಗೋ ಏನೋ, ಅವಳು ಎದುರಿಗೆ ಬಂದರೆ ಕರೆಯುವ ಗೋಜಿಗೇ ಹೋಗದೆ ಪಕ್ಕದ ಓಣಿಗೆ ತಿರುಗಿಕೊಳ್ಳುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಿಯಾದ ಈ ಹೆಣ್ಣುಮಗಳು ನನ್ನ ತಾಯಿಯ ತಂಗಿ. ತಾಯಿಯ ತಂಗಿಯನ್ನು ನಾವು ಚಿಗವ್ವ ಎನ್ನುತ್ತೇವೆ, ಅವಳ ಗಂಡನನ್ನು ಚಿಗಪ್ಪ. ಚಿಗಪ್ಪ ಲಾರಿ ಡ್ರೈವರ್ ಆಗಿದ್ದವನು. ಹರೆಯದಲ್ಲಿ ಒಮ್ಮೆ ಟೈರ್ ಬಿಚ್ಚುವಾಗ ಕೈ ಜಜ್ಜಿಕೊಂಡು ಆಸ್ಪತ್ರೆಗೆ ಹೋಗಿ, ‘ಸಿಸ್ಟರ್, ಮೆಲ್ಲಕ ಕಟ್ರಿ’ ಎಂದನಂತೆ. ಅವಳು ಮೆಲ್ಲಗೇನೂ ಕಟ್ಟಲಿಲ್ಲ. ಆದರೂ ಮದುವೆಯಾಯಿತು. ಬಾಯಿಗೆ ಮೊದಲು ಬಂದ ಹೆಸರನ್ನು ಆತ ಆಮೇಲೂ ಬದಲಿಸಲಿಲ್ಲ. ಹೊಸ ನೆಂಟರ ಎದುರಿಗೆ ‘ಸಿಸ್ಟರ್, ಚಾ ಮಾಡು’ ಎಂದು ಆತ ಕೂಗಿದಾಗ ಅವರ ಮುಖ ನೋಡಬೇಕು ನೀವು!

ಹೆಸರಿನ ಕಥೆ ಅಷ್ಟಾಯಿತು. ಚಿಗವ್ವನ ನಿಜವಾದ ವೈಖರಿ ಇರುವುದು ಅವಳು ಸಾಮಾನು ಕೊಳ್ಳುವ ರೀತಿಯಲ್ಲಿ. ಕೊಳ್ಳುವುದು ಎನ್ನುವ ಮಾತೇ ತಪ್ಪು. ಅವಳು ಸಾಮಾನನ್ನು ಅಡ್ಮಿಟ್ ಮಾಡಿಕೊಳ್ಳುತ್ತಾಳೆ. ಒಮ್ಮೆ ಕೊಟ್ಟೂರಿನಲ್ಲಿ ಫ್ರಿಜ್ ನೋಡಲು ಹೋಗಿದ್ದೆವು. ಬೇರೆಯವರು ಬಣ್ಣ ನೋಡುತ್ತಾರೆ, ಬಾಗಿಲು ತೆಗೆದು ನೋಡುತ್ತಾರೆ. ಇವಳು ಅದರ ಬೆನ್ನಿಗೆ ಅಂಗೈ ಇಟ್ಟು, ಇದಕ್ಕೆ ಜ್ವರ ಬಂದಿದೆ ಎಂದಳು. ಎಲ್ಲ ಫ್ರಿಜ್‌ಗಳ ಬೆನ್ನೂ ಬಿಸಿಯೇ ಇರುತ್ತದೆ ಎಂದರು ಅಂಗಡಿಯವರು. ಒಳಗೆ ತಂಪು ಮಾಡುವ ಪೆಟ್ಟಿಗೆ ಹೊರಗೆ ಯಾಕೆ ಬಿಸಿಯಾಗುತ್ತದೆ ಎಂದು ಇವಳು ಕೇಳಿದಳು. ಅವರಿಗೆ ಗೊತ್ತಿರಲಿಲ್ಲ. ಮೆಕ್ಯಾನಿಕ್‌ಗೆ ಫೋನ್ ಹೋಯಿತು. ಒಳಗಿನ ಬಿಸಿಯನ್ನು ಹೊತ್ತು ತಂದು ಹೊರಗೆ ಚೆಲ್ಲುವುದೇ ಅದರ ಕೆಲಸ ಎಂದು ತಿಳಿದು, ತಿಳಿದದ್ದನ್ನು ಅಂಗಡಿಗೆ ಬಂದ ಉಳಿದ ಗಿರಾಕಿಗಳಿಗೂ ಹೇಳಿ ಮುಗಿಸಿದ ಮೇಲೆಯೇ ಫ್ರಿಜ್ ಮನೆಗೆ ಬಂತು. ನನಗೆ ಹೆಣ್ಣು ನೋಡಲು ಹೋದಾಗಲೂ ಅಷ್ಟೆ. ಹುಡುಗಿಯನ್ನು ಒಂದು ಮಾತೂ ಕೇಳದೆ, ಹುಡುಗಿಯ ಅಪ್ಪನ ಮುಖ ಅಷ್ಟು ಕೆಂಪಗಿರುವುದು ಯಾಕೆಂದು ವಿಚಾರಿಸತೊಡಗಿದಳು. ನಮ್ಮ ಮಾವ ಅಂದಿನಿಂದ ಬಿ.ಪಿ. ಮಾತ್ರೆ ನುಂಗುತ್ತಿದ್ದಾರೆ. ಮಗಳನ್ನು ಕೊಟ್ಟು ಮಾತ್ರೆ ತೆಗೆದುಕೊಂಡೆ ಎಂದು ಈಗಲೂ ಹೇಳುತ್ತಿರುತ್ತಾರೆ.

ಇಂಥವಳು ಒಂದು ಬೆಳಿಗ್ಗೆ ನನಗೆ ಫೋನ್ ಮಾಡಿ, ನೆಲಕ್ಕೆ ಭಾರ ಹಾಕದೆ ಓಡಾಡುವ ಮಣ್ಣಿನ ಯಂತ್ರ ಯಾವುದಾದರೂ ಇದೆಯೇ ಎಂದು ಕೇಳಿದಳು. ನಾನು ಕೊಟ್ಟೂರಿನ ಒಂದು ಸಹಕಾರ ಸಂಘದಲ್ಲಿ ಗುಮಾಸ್ತ. ಮಣ್ಣಿಗೂ ನನಗೂ ಇರುವ ಸಂಬಂಧ ನನ್ನ ಚಪ್ಪಲಿಗೆ ಇರುವಷ್ಟೇ. ಆದರೆ ನನ್ನ ಹತ್ತಿರ ಒಂದು ಹಳೆಯ ಕಾರಿದೆ. ಕಾರು ಇದ್ದವನಿಗೆ ಎಲ್ಲವೂ ಗೊತ್ತಿರಬೇಕು, ಗೊತ್ತಿಲ್ಲದಿದ್ದರೆ ಗೊತ್ತಿದ್ದವರ ಹತ್ತಿರ ಕರೆದುಕೊಂಡು ಹೋಗಬೇಕು ಎನ್ನುವುದು ಚಿಗವ್ವನ ನಂಬಿಕೆ.

ಸಂಗತಿ ಹೀಗಿತ್ತು. ಕೂಡ್ಲಿಗಿಯಿಂದ ಕೊಟ್ಟೂರಿನ ಕಡೆ ಬರುವ ದಾರಿಯಲ್ಲಿ, ಗುಡ್ಡದ ಬುಡಕ್ಕೆ ಅವರದೊಂದು ಹೊಲವಿದೆ. ಇಬ್ಬರೂ ದುಡಿಯುತ್ತಿದ್ದ ಕಾಲದಲ್ಲಿ ಕೊಂಡದ್ದು. ಕೆಂಪು ನೆಲ, ಒಂದು ಹುಣಸೆಮರ, ಮಿಕ್ಕಿದ್ದೆಲ್ಲ ಕಲ್ಲು. ಪ್ರತಿ ವರ್ಷ ಆರಿಸಿ ಹಾಕುತ್ತಾರೆ, ಮಳೆಗಾಲ ಮುಗಿಯುವಷ್ಟರಲ್ಲಿ ಹೊಸ ಕಲ್ಲುಗಳು ತಲೆ ಎತ್ತಿರುತ್ತವೆ. ಕಲ್ಲು ಆ ಹೊಲದಲ್ಲಿ ಮರಿ ಹಾಕುತ್ತದೆಯೇ ಎಂದು ಚಿಗವ್ವನಿಗೆ ನಿಜವಾಗಿಯೂ ಅನುಮಾನವಿತ್ತು. ಹಿಂದಿನ ವರ್ಷ ಕಲ್ಲು ಸರಿಸಿ ಒಡ್ಡು ಹಾಕಿಸಲೆಂದು ಬಾಡಿಗೆಗೆ ಒಂದು ಜೆಸಿಬಿ ತರಿಸಿದ್ದಳು. ನಮ್ಮ ಕಡೆ ಮಣ್ಣು ತೋಡುವ ಹಳದಿ ಯಂತ್ರಕ್ಕೆಲ್ಲ ಅದೊಂದೇ ಹೆಸರು. ಡ್ರೈವರ್ ಒಳ್ಳೆಯವನು, ಹೇಳಿದ ಕೆಲಸವನ್ನು ಹೇಳಿದ ಹಾಗೆಯೇ ಮಾಡಿಕೊಟ್ಟ. ಆದರೆ ಹಿಂದಿನ ದಿನ ಮಳೆ ಬಿದ್ದು ನೆಲ ಹಸಿಯಾಗಿತ್ತು. ಗಾಲಿ ಹೋದಲ್ಲೆಲ್ಲ ಮಣ್ಣು ಒತ್ತಿಕೊಂಡು, ಒಣಗಿದ ಮೇಲೆ ಇಟ್ಟಿಗೆಯಾಯಿತು. ಮುಂದೆ ಶೇಂಗಾ ಬಿತ್ತಿದಾಗ ಹೊಲವೆಲ್ಲ ಹಸಿರಾಗಿ, ಗಾಲಿ ಓಡಾಡಿದ ಪಟ್ಟಿಗಳು ಮಾತ್ರ ಹಳದಿಯಾಗಿ ಉಳಿದವು. ಚಿಗವ್ವ ಅಲ್ಲಿ ಕುಕ್ಕರುಗಾಲಲ್ಲಿ ಕೂತು ಹೆಬ್ಬೆರಳಿನಿಂದ ನೆಲ ಒತ್ತಿ ನೋಡಿದಳಂತೆ.

‘ನೆಲಕ್ಕ ಹಾಸಿಗಿ ಹುಣ್ಣಾಗೈತಿ ತಮ್ಮಾ,’ ಎಂದಳು ನನಗೆ. ‘ಮಲಗಿದ ಪೇಷಂಟ್‌ನ ಒಂದ ಮಗ್ಗಲಿಗೆ ಬಿಟ್ರ ಹಿಂಗ ಆಕ್ಕೈತಿ. ಭಾರ ಎಲ್ಲಾ ಒಂದ ಕಡಿ ಬೀಳಬಾರ್ದು, ಹರಡಬೇಕು.’

ಅಂದರೆ ಅವಳಿಗೆ ಬೇಕಾದದ್ದು ಭಾರ ಹರಡುವ ಯಂತ್ರ. ಅದೂ ಸ್ವಂತದ್ದು. ಬಾಡಿಗೆಯದು ಬಂದರೆ ಒಂದೇ ದಿನದಲ್ಲಿ ಎಲ್ಲ ಮುಗಿಸಿ ಹೋಗುವ ಅವಸರದಲ್ಲಿರುತ್ತದೆ. ಇವಳ ಪ್ರಕಾರ ಹೊಲದ ಕೆಲಸ ಗಾಯ ತೊಳೆದ ಹಾಗೆ, ದಿನವೂ ಸ್ವಲ್ಪ ಸ್ವಲ್ಪವೇ ಆಗಬೇಕು. ನಿವೃತ್ತಿಯಾದಾಗ ಕೈಗೆ ಬಂದದ್ದನ್ನು ಮುಟ್ಟದೆ ಇಟ್ಟಿದ್ದಳು. ಓಡಿಸುವುದಕ್ಕೆ ಒಬ್ಬ ಡ್ರೈವರನ್ನು ಇಟ್ಟುಕೊಂಡರಾಯಿತು ಎಂದಳು.

ಮನೆಯಲ್ಲೇ ಡ್ರೈವರ್ ಇದ್ದಾನಲ್ಲ ಎಂದು ನೀವು ಕೇಳಬಹುದು. ಅದನ್ನೂ ಹೇಳಿಬಿಡುತ್ತೇನೆ. ಚಿಗಪ್ಪನಿಗೆ ಬಹಳ ವರ್ಷಗಳಿಂದ ಶುಗರ್ ಇತ್ತು. ಕಾಲಿನ ಬೆರಳ ಸಂದಿಯಲ್ಲಿ ಆದ ಸಣ್ಣ ಹುಣ್ಣನ್ನು ಆತ ಹೆಂಡತಿಗೆ ತೋರಿಸಲೇ ಇಲ್ಲ. ತೋರಿಸಿದರೆ ಲಾರಿ ಹತ್ತಲು ಬಿಡುವುದಿಲ್ಲ ಎಂಬ ಭಯ. ಬೂಟಿನೊಳಗೆ ಮುಚ್ಚಿಟ್ಟುಕೊಂಡು ದೂರದೂರಕ್ಕೆ ಲೋಡು ಹೊಡೆದ. ಕೊನೆಗೆ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಊರಿನವರ ಕಾಲಿಗೆಲ್ಲ ಪಟ್ಟಿ ಕಟ್ಟಿದವಳಿಗೆ ಮನೆಯ ಕಾಲು ಕಾಣಲಿಲ್ಲವೇ ಎಂದು ಒಂದಿಬ್ಬರು ಆಡಿಕೊಂಡರು. ಗಂಡ ಹೆಂಡತಿ ತಮ್ಮ ಲಾರಿ ಮಾರಿದರು. ಕೃತಕ ಕಾಲು ಬಂತು, ಒಂದು ದಿನ ಹಾಕಿಕೊಂಡು ಬಾಗಿಲ ಹಿಂದೆ ನಿಲ್ಲಿಸಿಬಿಟ್ಟ. ಆಮೇಲೆ ಆತನ ಕೆಲಸವೆಂದರೆ ಪಡಸಾಲೆಯ ಮಂಚದ ಮೇಲೆ ಕೂತು ಹೈವೇಯಲ್ಲಿ ಹೋಗುವ ಲಾರಿಗಳ ಸದ್ದು ಕೇಳುವುದು. ಸದ್ದಿನ ಮೇಲೆಯೇ ಇದು ಅದಿರು, ಇದು ಭತ್ತ, ಇದು ಖಾಲಿ ಎಂದು ಹೇಳುತ್ತಿದ್ದ. ಮೊದಮೊದಲು ಗಟ್ಟಿಯಾಗಿ ಹೇಳುತ್ತಿದ್ದವನು, ಬರಬರುತ್ತ ಹೇಳುವುದನ್ನೂ ಬಿಟ್ಟ.

ಸರಿ, ನಾವು ಯಂತ್ರ ನೋಡಲು ಹೊರಟೆವು. ವಿಚಾರಿಸಿದ ಮೇಲೆ ಗೊತ್ತಾದದ್ದೇನೆಂದರೆ, ಚಿಗವ್ವ ಕೇಳುವಂಥ ಯಂತ್ರ ನಿಜವಾಗಿಯೂ ಇದೆ. ಗಾಲಿಯ ಬದಲು ಎರಡು ಕಡೆಯೂ ಸರಪಳಿಯ ಹಾಗೆ ಸುತ್ತುವ ಅಗಲವಾದ ರಬ್ಬರ್ ಪಟ್ಟಿ, ಮುಂದೆ ಒಂದು ಬಕೆಟ್, ನಡುವೆ ಒಬ್ಬನೇ ಕೂರುವ ಗೂಡು. ಚೈನ್ ಲೋಡರ್ ಎನ್ನುತ್ತಾರೆ. ಗಾತ್ರ ಸಣ್ಣದು. ಹಲವಾಗಲಿನಲ್ಲಿ ಒಬ್ಬರು ಹೊಳೆದಂಡೆಯ ಗದ್ದೆಯನ್ನು ಅದರಲ್ಲಿ ಮಟ್ಟ ಮಾಡಿಸುತ್ತಿದ್ದಾರೆಂದು ತಿಳಿದು ಮೊದಲು ಅಲ್ಲಿಗೆ ಹೋದೆವು.

ಗದ್ದೆಯ ಯಜಮಾನರು ಸಂಭಾವಿತರು. ಯಂತ್ರದ ಶಕ್ತಿ, ಡೀಸೆಲ್ ಎಂದು ಶುರು ಮಾಡಿದರು. ಚಿಗವ್ವ ಅದೊಂದನ್ನೂ ಕಿವಿಗೆ ಹಾಕಿಕೊಳ್ಳದೆ ಸೀರೆ ಎತ್ತಿ ಸಿಕ್ಕಿಸಿ ಕೆಸರಿಗೆ ಇಳಿದಳು. ಯಂತ್ರ ಹೋದ ಜಾಡಿನಲ್ಲಿ ಬೆರಳು ಇಟ್ಟು ಆಳ ನೋಡಿದಳು. ಆಮೇಲೆ ನನ್ನನ್ನು ಕರೆದು, ಚಪ್ಪಲಿ ಬಿಟ್ಟು ಆ ಜಾಡಿನ ಪಕ್ಕದಲ್ಲಿ ನಿಲ್ಲಲು ಹೇಳಿದಳು. ನಿಂತೆ. ಪಕ್ಕಕ್ಕೆ ಸರಿ ಎಂದಳು. ಸರಿದೆ. ನನ್ನ ಹೆಜ್ಜೆಯ ಗುಂಡಿಗೆ ಅದೇ ಬೆರಳನ್ನು ಇಳಿಸಿದಳು. ಯಜಮಾನರು ಬಗ್ಗಿ ನೋಡಿದರು. ಯಂತ್ರ ನಿಲ್ಲಿಸಿ ಡ್ರೈವರೂ ಇಳಿದು ಬಂದು ನೋಡಿದ.

‘ನಿನಗಿಂತ ಮಷಿನ್ನ ಹಗುರ ಐತಲ್ಲೋ,’ ಎಂದಳು ಚಿಗವ್ವ.

ಟನ್‌ಗಟ್ಟಲೆ ತೂಗುವ ಕಬ್ಬಿಣಕ್ಕಿಂತ ನಾನು ಭಾರ! ಅದರ ತೂಕ ಎರಡು ಉದ್ದ ಪಟ್ಟಿಗಳ ಮೇಲೆ ಹಂಚಿಹೋಗುತ್ತದೆ, ನನ್ನದು ಎರಡು ಪಾದಗಳ ಮೇಲೆ ಬೀಳುತ್ತದೆ ಎಂದು ಆ ಯಜಮಾನರು ಸಮಾಧಾನ ಹೇಳಿದರು. ಚಿಗವ್ವ ಮಾತ್ರ, ಮುಂದೆ ಹರಪನಹಳ್ಳಿಯಲ್ಲಿ ತಿನ್ನಲು ನಿಂತಾಗ, ನಾನು ಮಂಡಕ್ಕಿಯ ಜೊತೆ ಇನ್ನೊಂದು ಮಿರ್ಚಿಗೆ ಕೈ ಹಾಕಿದಾಗ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು. ಹೊಲಕ್ಕೆ ಬರುವವರೆಲ್ಲ ಇನ್ನು ಮೇಲೆ ತೂಕ ನೋಡಿಸಿಕೊಂಡೇ ಬರಬೇಕಾದೀತು ಎಂದು ನನಗೆ ಅನ್ನಿಸಿತು.

ಅಲ್ಲಿಂದ ಬಾಗಳಿಗೆ ಹೋದೆವು. ಅಲ್ಲಿ ಚಿಗಪ್ಪನ ಹಳೆಯ ಗೆಳೆಯನೊಬ್ಬನಿದ್ದಾನೆ. ಒಂದು ಕಾಲದಲ್ಲಿ ಇಬ್ಬರೂ ಒಂದೇ ದಾರಿಯಲ್ಲಿ ಲಾರಿ ಹೊಡೆದವರು. ಈಗ ಆತ ಮಣ್ಣಿನ ಕೆಲಸದ ಗುತ್ತಿಗೆದಾರ. ಕಲ್ಲೇಶ್ವರ ಗುಡಿಗೆ ಹೋಗುವ ದಾರಿಯಲ್ಲಿ ಅವನ ಶೆಡ್ಡು. ಗಾಲಿಯದೂ ಪಟ್ಟಿಯದೂ ಎರಡೂ ಬಗೆಯ ಸಣ್ಣ ಲೋಡರ್‌ಗಳು ಅವನಲ್ಲಿದ್ದವು. ನಮ್ಮನ್ನು ಕೂರಿಸಿ, ಮೊದಲು ಗೆಳೆಯನನ್ನು ವಿಚಾರಿಸಿದ.

‘ಹೆಂಗದಾನ್ರಿ ಸಿಸ್ಟರ್, ನಮ್ಮ ದೋಸ್ತ?’

‘ಕುಂತಾರ,’ ಎಂದಳು ಚಿಗವ್ವ. ಅಷ್ಟೇ ಹೇಳಿ ಯಂತ್ರದ ಕಡೆ ನಡೆದಳು.

ಗೆಳೆಯ ಮುಚ್ಚುಮರೆಯಿಲ್ಲದೆ ಎಲ್ಲವನ್ನೂ ಹೇಳಿದ. ರಬ್ಬರ್ ಪಟ್ಟಿ ಮೆತ್ತನೆಯ ನೆಲಕ್ಕೆ ಒಳ್ಳೆಯದು, ಇಳಿಜಾರಿನಲ್ಲೂ ಹಿಡಿತ ಜಾಸ್ತಿ. ಆದರೆ ಚೂಪುಗಲ್ಲಿನ ಮೇಲೆ ನಿಂತಲ್ಲೇ ಗಿರಗಿರ ತಿರುಗಿಸಿದರೆ ಹರಿಯುತ್ತದೆ. ಇಡೀ ಯಂತ್ರದಲ್ಲಿ ದುಬಾರಿ ಸವೆತ ಅದರದ್ದೇ. ಅವಸರ ಮಾಡದೆ ದೊಡ್ಡದಾಗಿ ಬಳಸಿಕೊಂಡು ತಿರುಗಿಸುವವನಿದ್ದರೆ ಮಾತ್ರ ಪಟ್ಟಿಯದು ತೆಗೆದುಕೊಳ್ಳಿ ಎಂದ. ಇನ್ನೊಂದು, ಪಟ್ಟಿಯ ಒಳಗೆ ಕಲ್ಲು, ಮಣ್ಣು ಸೇರಿಕೊಳ್ಳುತ್ತದೆ. ದಿನಾ ಸಂಜೆ ಕೆಲಸ ಮುಗಿದ ಮೇಲೆ ಸಂದಿ ಸಂದಿ ತೊಳೆದು, ಎಲ್ಲಾದರೂ ಗೀರು ಬಿದ್ದಿದೆಯೇ ಎಂದು ನೋಡಬೇಕು. ಸಣ್ಣ ಗೀರು ಇದ್ದಾಗಲೇ ನೋಡಿಕೊಂಡರೆ ಬಚಾವು.

ಚಿಗವ್ವ ಇದನ್ನು ಕೇಳಿ, ಬಗ್ಗಿ ಆ ಪಟ್ಟಿಯ ಸಂದಿಗೆ ಬೆರಳು ಹಾಕಿ ನೋಡಿದಳು. ‘ನಿಮ್ಮ ದೋಸ್ತಗೂ ನಾ ಇದನ್ನ ಹೇಳ್ತಿದ್ದೆ,’ ಎಂದಳು. ‘ದಿನಾ ಸಂಜಿಕ ಕಾಲು ತೊಳಕಳ್ರಿ, ಬೆರಳ ಸಂದಿ ನೋಡಕಳ್ರಿ ಅಂತ.’

ಮಾತು ಬೇರೆ ಕಡೆ ತಿರುಗಲೆಂದೋ ಏನೋ, ಗೆಳೆಯ ಶೆಡ್ಡಿನ ಹಿಂದೆ ಕೆಲಸ ಮಾಡುತ್ತಿದ್ದ ಪಟ್ಟಿಯ ಲೋಡರ್ ತೋರಿಸಲು ಕರೆದುಕೊಂಡು ಹೋದ. ಅಲ್ಲಿ ಒಬ್ಬ ನಡುವಯಸ್ಸಿನ ಆಪರೇಟರ್ ಜಲ್ಲಿ ರಾಶಿ ಸರಿಸುತ್ತಿದ್ದ. ಹಿಂದೆ, ಮುಂದೆ, ಬಕೆಟ್ ಮೇಲೆ, ಬಕೆಟ್ ಕೆಳಗೆ. ನಾನು ಬಕೆಟ್ ನೋಡುತ್ತಿದ್ದೆ. ಚಿಗವ್ವ ನೋಡುತ್ತಿದ್ದದ್ದು ಆಪರೇಟರನ ಕಾಲನ್ನು. ಅವನು ಒಂದು ಕಾಲನ್ನು ಸೀಟಿನ ಮೇಲೆ ಮಡಚಿಕೊಂಡು, ಊಟಕ್ಕೆ ಕೂತವನ ಹಾಗೆ ಆರಾಮಾಗಿ ಕೂತಿದ್ದ. ಕೈ ಸನ್ನೆ ಮಾಡಿ ಯಂತ್ರ ನಿಲ್ಲಿಸಿದಳು.

‘ಅಪ್ಪಾ, ಆ ಕಾಲು ಯಾಕ ಮಡಚೀಯಪ್ಪ? ನೋವೈತೇನು?’

ಬೈಯುತ್ತಾರೆಂದುಕೊಂಡು ಅವನು ಗಡಿಬಿಡಿಯಲ್ಲಿ ಕಾಲು ಇಳಿಬಿಟ್ಟ. ‘ಇಲ್ರಿ ಅಮ್ಮ. ಕಾಲಿಗೇನು ಕೆಲ್ಸಿಲ್ಲರಿ ಇದ್ರಾಗ. ಎಲ್ಲಾ ಕೈಯ್ಯಾಗ ಐತ್ರಿ.’

ಎಡಗೈಯ ಹಿಡಿ ಮುಂದೆ, ಹಿಂದೆ, ಅತ್ತ, ಇತ್ತ ನಡೆಸುವುದಕ್ಕೆ. ಬಲಗೈಯ ಹಿಡಿ ಬಕೆಟ್ ಎತ್ತಿ ಇಳಿಸುವುದಕ್ಕೆ. ವೇಗಕ್ಕೂ ಕೈಯಲ್ಲೇ ಒಂದು ಗುಂಡಿ. ಅವನು ಒಂದೊಂದನ್ನೂ ಮುಟ್ಟಿ ತೋರಿಸಿದ. ಬ್ರೇಕ್ ಎಲ್ಲಿ ಎಂದರೆ, ಹಿಡಿ ಬಿಟ್ಟರೆ ಅದೇ ನಿಲ್ಲುತ್ತದೆ ಎಂದ.

ಚಿಗವ್ವ ಇನ್ನೊಂದು ಪ್ರಶ್ನೆ ಕೇಳುತ್ತಾಳೆಂದು ನಾವು ಮೂವರೂ ಕಾದೆವು. ಕೇಳಲಿಲ್ಲ. ಚಹಾ ಬಂದರೆ ಕುಡಿಯಲಿಲ್ಲ. ಕಾರಿನಲ್ಲಿ ಕೂತವಳು ಹರಪನಹಳ್ಳಿ ದಾಟಿದರೂ, ಕೊಟ್ಟೂರು ದಾಟಿದರೂ ಬಾಯಿ ಬಿಡಲಿಲ್ಲ. ಹುಷಾರಿಲ್ಲವೇ ಎಂದು ನನಗೆ ಗಾಬರಿಯಾಯಿತು. ಪ್ರಶ್ನೆಯಿಲ್ಲದೆ ಆಕೆ ಅಷ್ಟು ದೂರ ಪ್ರಯಾಣ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಕೂಡ್ಲಿಗಿಯ ಮನೆಯ ಮುಂದೆ ಕಾರು ನಿಂತ ಮೇಲೆ, ಇಳಿಯುವ ಮೊದಲು ನನ್ನ ಕಡೆ ತಿರುಗಿದಳು.

‘ತಮ್ಮಾ, ಎರಡು ಕೈ ಇದ್ರ ಸಾಕಂತ.’

ಅಲ್ಲಿಂದ ಆಯ್ಕೆಯ ರೀತಿಯೇ ಬದಲಾಯಿತು. ಅಲ್ಲಿಯವರೆಗೆ ಹೊಲಕ್ಕೆ ಒಪ್ಪುವ ಯಂತ್ರ ಬೇಕಾಗಿತ್ತು, ಈಗ ಚಿಗಪ್ಪನಿಗೆ ಒಪ್ಪುವ ಯಂತ್ರ ಬೇಕಾಯಿತು. ಆದರೆ ಆತನಿಗೆ ಒಂದು ಮಾತೂ ಹೇಳಕೂಡದು ಎಂದು ನನಗೆ ತಾಕೀತು. ಮೊದಲೇ ಹೇಳಿದರೆ ಬೇಡ ಎನ್ನುತ್ತಾನೆ. ಒಮ್ಮೆ ಬೇಡ ಎಂದರೆ ಆಮೇಲೆ ಆತನೇ ಬಯಸಿದರೂ ಬೇಕು ಎನ್ನಲಾರ. ಅಷ್ಟು ವರ್ಷ ಸಂಸಾರ ಮಾಡಿದವಳಿಗೆ ಅದು ಗೊತ್ತಿತ್ತು.

ಹೊಸಪೇಟೆಯ ಹೈವೇ ಪಕ್ಕದಲ್ಲಿ ಇಂಥ ಯಂತ್ರ ಮಾರುವ ದೊಡ್ಡ ಅಂಗಳವೊಂದಿದೆ. ಹೊಸದೂ ಇದ್ದವು, ಒಬ್ಬರ ಕೈ ದಾಟಿ ಬಂದವೂ ಇದ್ದವು. ಇಸ್ತ್ರಿ ಮಾಡಿದ ಅಂಗಿಯ ಮಾರಾಟಗಾರರು ನಗುಮುಖದಿಂದ ಸ್ವಾಗತಿಸಿದರು. ಏಸಿ ಇದೆ, ಹಾಡು ಕೇಳುವ ವ್ಯವಸ್ಥೆ ಇದೆ, ಹಿಂದೆ ನೋಡುವ ಕ್ಯಾಮೆರಾ ಇದೆ ಎಂದರು. ಚಿಗವ್ವ, ಒಂದು ಟವೆಲ್ ಇದೆಯೇ ಎಂದು ಕೇಳಿದಳು. ಬೆವರು ಒರೆಸಿಕೊಳ್ಳಲೆಂದು ತಿಳಿದು ಅವರು ತರಿಸಿಕೊಟ್ಟರು. ಅವಳು ಒಂದು ಕಲ್ಲಿನ ಮೇಲೆ ಕೂತು, ಬಲಗಾಲನ್ನು ಹಿಂದಕ್ಕೆ ಮಡಚಿ, ಸೀರೆಯ ಮೇಲಿಂದಲೇ ತೊಡೆಗೆ ಸೇರಿಸಿ ಆ ಟವೆಲಿನಿಂದ ಬಿಗಿಯಾಗಿ ಕಟ್ಟಿದಳು. ಪಟ್ಟಿ ಕಟ್ಟುವುದು ಅವಳಿಗೆ ಹೇಳಿಕೊಡಬೇಕೇ! ಆಮೇಲೆ ನನ್ನ ಭುಜ ಹಿಡಿದು ಎದ್ದು, ಒಂಟಿಗಾಲಲ್ಲಿ ಕುಪ್ಪಳಿಸುತ್ತ ಮೊದಲನೆಯ ಯಂತ್ರದ ಹತ್ತಿರ ಹೋದಳು.

ಈ ಯಂತ್ರಗಳನ್ನು ಹತ್ತುವುದು ಮುಂದಿನಿಂದ, ಬಕೆಟ್ ದಾಟಿ. ಮೊದಲನೆಯದರಲ್ಲಿ ಹೊಸ್ತಿಲು ಎತ್ತರ, ಕಾಲು ಏರಲಿಲ್ಲ. ಎರಡನೆಯದರಲ್ಲಿ ಏರಿತು, ಆದರೆ ಬಕೆಟ್ ಕೆಲಸಕ್ಕೆ ಕಾಲಿನ ಪೆಡಲು ಇತ್ತು. ಮೂರನೆಯದರಲ್ಲಿ ಎಲ್ಲ ಸರಿ, ಹಿಡಿದುಕೊಳ್ಳಲು ಒಳಗೆ ಹಿಡಿಕೆ ಇರಲಿಲ್ಲ. ಅಷ್ಟರಲ್ಲಿ ಅಂಗಳದ ಮೆಕ್ಯಾನಿಕ್‌ಗಳು, ಪಕ್ಕದ ಪಂಕ್ಚರ್ ಅಂಗಡಿಯವರು, ಊಟಕ್ಕೆ ನಿಂತಿದ್ದ ಲಾರಿಯವರು ಎಲ್ಲ ಸುತ್ತ ಸೇರಿದ್ದರು. ಒಬ್ಬ ನನ್ನ ಕಿವಿಯಲ್ಲಿ, ಅಮ್ಮನವರಿಗೆ ಏನಾಗಿದೆ ಎಂದು ಕೇಳಿದ. ನಾನು ವಿಷಯ ಹೇಳಿದೆ. ನಗುತ್ತಿದ್ದವರ ನಗು ನಿಂತಿತು. ಮಾರಾಟಗಾರರು ಏಸಿಯ ಮಾತು ಬಿಟ್ಟು, ತಾವೇ ಅಂಗಳದ ಮೂಲೆಯಿಂದ ಇನ್ನೊಂದು ಯಂತ್ರವನ್ನು ಹೊರಗೆ ತರಿಸಿದರು. ಸ್ವಲ್ಪ ಹಳೆಯದು, ಬಣ್ಣ ಮಾಸಿದೆ, ಆದರೆ ಹೊಸ್ತಿಲು ತಗ್ಗು, ಪೆಡಲು ಇಲ್ಲ. ಎರಡು ಕಡೆ ಹಿಡಿಕೆ, ಕೆಳಗೊಂದು ಮೆಟ್ಟಿಲು ಬೆಸುಗೆ ಹಾಕಿಸಿ ಕೊಡುತ್ತೇನೆ ಎಂದರು. ಚಿಗವ್ವ ಒಂಟಿಗಾಲಲ್ಲಿ ಹತ್ತಿದಳು, ಕೂತಳು, ಮಡಿಲ ಮೇಲೆ ಕಬ್ಬಿಣದ ಅಡ್ಡಪಟ್ಟಿ ಇಳಿಸಿಕೊಂಡಳು. ಈ ಅಡ್ಡಪಟ್ಟಿ ಇಳಿಸದಿದ್ದರೆ ಯಂತ್ರ ಅಲುಗುವುದಿಲ್ಲ ಎಂದು ತಿಳಿದು ಬಹಳ ಮೆಚ್ಚಿಕೊಂಡಳು.

ಇನ್ನೇನು ಮುಗಿಯಿತು ಎನ್ನುವಾಗ ಅವಳ ತಲೆಯಲ್ಲಿ ಹೊಸ ಪ್ರಶ್ನೆ ಹುಟ್ಟಿತು. ಬಕೆಟ್ ಮೇಲೆ ಎತ್ತಿದಾಗಲೇ ಎಂಜಿನ್ ಕೆಟ್ಟು ನಿಂತರೆ ಮುಂದಿನ ದಾರಿ ಬಂದ್ ಆಗುತ್ತದಲ್ಲ, ಒಳಗಿದ್ದವರು ಹೊರಗೆ ಬರುವುದು ಹೇಗೆ? ಹಿಂದಿನ ಕಿಟಕಿ ಕಳಚಿ ಬರಬಹುದು ಎಂದರು ಮಾರಾಟಗಾರರು. ಬಂದು ತೋರಿಸಿ ಎಂದಳು. ಅವರು ತಮ್ಮ ಇಸ್ತ್ರಿ ಅಂಗಿ ನೋಡಿಕೊಂಡರು. ಉಳಿದವನು ಯಾರು? ಹೊಳೆದಂಡೆಯಲ್ಲಿ ಯಂತ್ರಕ್ಕಿಂತ ಭಾರ ಎನ್ನಿಸಿಕೊಂಡವನು! ತಲೆ ಹೊರಗೆ ಬಂತು, ಭುಜ ಬಂತು, ಅಲ್ಲಿಗೆ ನಿಂತಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಇಬ್ಬರು ಲಾರಿಯವರು ಕೈ ಹಿಡಿದು ಎಳೆದು, ಅಂಗಿಯ ಒಂದು ಗುಂಡಿ ಕಿತ್ತು, ನನ್ನನ್ನು ಹೊರಗೆ ತೆಗೆದರು. ಚಿಗವ್ವ ನನ್ನ ಉಸಿರು, ನಾಡಿ ನೋಡಿದಳು. ‘ನಿಮ್ಮ ಚಿಗಪ್ಪ ನಿನ್ನ ಅರ್ಧ ಅದಾರ, ಬರ್ತಾರ,’ ಎಂದು ತೀರ್ಮಾನ ಕೊಟ್ಟಳು. ಯಂತ್ರ ಅಡ್ಮಿಟ್ ಆಯಿತು.

ಹೊಲಕ್ಕೆ ಯಂತ್ರ ಬಂದ ದಿನ ಚಿಗಪ್ಪನನ್ನು ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಹುಣಸೆಮರದ ಕೆಳಗೆ ಹಗ್ಗದ ಮಂಚ ಹಾಕಿ ಕೂರಿಸಿದೆವು. ಆತ ಯಂತ್ರವನ್ನು ಮೇಲಿಂದ ಕೆಳಗೆ ನೋಡಿದ. ಇದನ್ನು ಆತನೇ ಓಡಿಸಬೇಕೆಂದು ಚಿಗವ್ವ ಹೇಳಿದಳು. ಸ್ಟೇರಿಂಗ್ ಎಲ್ಲಿ ಎಂದ. ಇಲ್ಲ ಎಂದಳು.

‘ಎಮ್ಮಿ ಹಾಲು ಹಿಂಡಿದಂಗ ಎರಡು ಹಿಡಕಂಡು ಕುಂದ್ರಬೇಕೇನು? ಹಿಂದಕ ಕಳಸು ಸಿಸ್ಟರ್. ಇದು ಗಾಡಿ ಅಲ್ಲ, ಆಟದ ಸಾಮಾನು.’

ಎರಡು ಮೂರು ದಿನ ಹೀಗೆಯೇ ಹೋಯಿತು. ಚಿಗಪ್ಪ ಮಂಚದ ಮೇಲೆ ಕೂರುವುದು, ಯಂತ್ರದ ಕಡೆ ಬೆನ್ನು ಹಾಕಿ ಗುಡ್ಡ ನೋಡುವುದು. ನಾಲ್ಕನೆಯ ದಿನ ಚಿಗವ್ವ ಸೆರಗು ಸೊಂಟಕ್ಕೆ ಕಟ್ಟಿ ತಾನೇ ಹತ್ತಿದಳು. ಮಾರಾಟಗಾರರ ಕಡೆಯವರು ಬಂದು, ಚಿಗಪ್ಪನ ಕಿವಿಗೂ ಬೀಳುವಂತೆ ಅವಳಿಗೆ ಕಲಿಸಿ ಹೋಗಿದ್ದರು. ನಾನು ರಜೆ ಹಾಕಿ ಬಂದಿದ್ದೆ, ಹಾಕಬಾರದಿತ್ತು. ಯಂತ್ರ ಮೊದಲು ನನ್ನ ಕಡೆ ಬಂತು. ನಾನು ಓಡಿದ ಮೇಲೆ ಪಂಪಿನ ಮನೆಯ ಕಡೆ ಹೋಯಿತು. ಅಲ್ಲಿ ಗೋಡೆಯ ಮೂಲೆಯನ್ನು ತಾಗಿ, ಹಿಂದಕ್ಕೆ ಬಂದು, ಕಲ್ಲಿನ ರಾಶಿಯ ಮೇಲೆ ನಿಂತಲ್ಲೇ ಸುತ್ತತೊಡಗಿತು. ಪಟ್ಟಿ ಕಲ್ಲಿಗೆ ತಿಕ್ಕಿ ಕಿರುಗುಟ್ಟುವ ಸದ್ದು. ಗುಡ್ಡ ನೋಡುತ್ತಿದ್ದ ಚಿಗಪ್ಪನ ಕತ್ತು ನಿಧಾನವಾಗಿ ತಿರುಗಿತು. ಸದ್ದಿನಲ್ಲೇ ಲೋಡು ತಿಳಿಯುವ ಮನುಷ್ಯ! ರಬ್ಬರ್ ನರಳುವುದು ಆತನಿಗೆ ತಿಳಿಯದೇ?

‘ಲೇ, ಎಡಗೈ ಬಿಡು. ಬಿಡು ಅಂದ್ನಲ್ಲ. ಪಟ್ಟಿ ಹರೀತೈತಿ. ಇಳೀ ಕೆಳಗ.’

ಯಂತ್ರ ನಿಂತಿತು. ಒಳಗಿನಿಂದ ಚಿಗವ್ವನ ಧ್ವನಿ ಸಣ್ಣದಾಗಿ ಬಂತು. ‘ಇಳಿಯಾಕ ಬರವಲ್ದು. ನೀವ ಬರ್ರಿ.’

ಆತ ಊರುಗೋಲು ತೆಗೆದುಕೊಂಡು ಎದ್ದ. ಕಲ್ಲುಗಳ ನಡುವೆ ಎಷ್ಟು ಹೊತ್ತು ನಡೆದನೆಂದರೆ, ನಾನು ಎರಡು ಸಲ ಹಿಡಿಯಲು ಹೋದೆ, ಎರಡು ಸಲವೂ ಕೈ ಕೊಡವಿದ. ಬೈಯುತ್ತಲೇ ಬಂದ, ಬೈಯುತ್ತಲೇ ಅವಳನ್ನು ಇಳಿಸಿದ. ಬೈಯುತ್ತಲೇ ಹೊಸ ಹಿಡಿಕೆಗಳನ್ನು ಹಿಡಿದು, ಮೆಟ್ಟಿಲ ಮೇಲೆ ಕಾಲಿಟ್ಟು, ಮೇಲೆ ಏರಿ ಕೂತುಬಿಟ್ಟ. ಅಡ್ಡಪಟ್ಟಿ ಇಳಿಸಿಕೊಂಡ. ಎರಡೂ ಕೈಗಳನ್ನು ಹಿಡಿಗಳ ಮೇಲೆ ಇಟ್ಟ. ಆಮೇಲೆ ಯಂತ್ರ ಮೆಲ್ಲಗೆ, ದೊಡ್ಡದಾಗಿ ಬಳಸಿಕೊಂಡು, ಕಲ್ಲಿನ ರಾಶಿಯಿಂದ ಹೊರಗೆ ಬಂತು. ಹಾಗೇ ತಿರುವು ತೆಗೆದುಕೊಳ್ಳಬೇಕೆಂದು ಆತನಿಗೆ ಯಾರೂ ಹೇಳಿರಲಿಲ್ಲ.

ನಿಜವಾಗಿಯೂ ಓಡಿಸಲು ಬರಲಿಲ್ಲವೋ, ಬೇಕೆಂದೇ ಹಾಗೆ ಮಾಡಿದೆಯೋ ಎಂದು ನಾನು ಚಿಗವ್ವನನ್ನು ಕೇಳಿದ್ದೇನೆ. ಪಂಪಿನ ಮನೆಯ ಮೂಲೆ ನೋಡು, ಬೇಕೆಂದೇ ಯಾರಾದರೂ ತಮ್ಮ ಗೋಡೆಗೆ ಗುದ್ದುತ್ತಾರೆಯೇ ಎಂದಳು. ಹೋಗಿ ನೋಡಿದೆ, ಒಂದು ಸಣ್ಣ ಗೀರು ಬಿದ್ದಿತ್ತು, ಅಷ್ಟೆ. ಅಷ್ಟರಿಂದ ಏನನ್ನು ತಿಳಿದುಕೊಳ್ಳಬೇಕೋ ನನಗೆ ಈಗಲೂ ಗೊತ್ತಾಗಿಲ್ಲ.

ಆಮೇಲೆ ಕೆಲವು ವಾರ ನನಗೆ ಹೋಗಲಾಗಲಿಲ್ಲ. ಸುದ್ದಿ ಬರುತ್ತಿತ್ತು. ಆತ ಹತ್ತಿ ಇಳಿಯಲು ಅನುಕೂಲವೆಂದು ಕೃತಕ ಕಾಲು ಹಾಕಿಕೊಳ್ಳುತ್ತಿದ್ದಾನಂತೆ. ದಿನಾ ಸಂಜೆ ಇಬ್ಬರೂ ಕೂತು ಪಟ್ಟಿಯ ಸಂದಿಗಳನ್ನು ತೊಳೆಯುತ್ತಾರಂತೆ, ಆ ಹೊತ್ತಿನಲ್ಲಿ ದೊಡ್ಡ ಜಗಳವಂತೆ. ಒಂದು ಭಾನುವಾರ ಬೆಳಿಗ್ಗೆ ಹೋದೆ. ಹೊಲದ ಇಳಿಜಾರಿಗೆ ಅಡ್ಡವಾಗಿ ಕಲ್ಲಿನ ಒಡ್ಡು ಎದ್ದಿತ್ತು, ನಡುವೆ ಕೆಂಪು ನೆಲ ಹಾಸಿದ ಹಾಗೆ ಕಾಣುತ್ತಿತ್ತು. ದೂರದಲ್ಲಿ ಯಂತ್ರ ಹೋಗಿ ಬರುತ್ತಿತ್ತು. ಚಿಗವ್ವ ಒಡ್ಡಿನ ಪಕ್ಕದಲ್ಲಿ, ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಸುರಿದು ಹಿಡಿದುಕೊಂಡು ನಿಂತಿದ್ದಳು. ಚಹಾ ಕುಡಿಯಲು ಆತನನ್ನು ಕರೆಯಲೇ ಎಂದು ನಾನು ಕೈ ಎತ್ತಿದೆ. ಅವಳು ನನ್ನ ಕೈ ಹಿಡಿದು ಕೆಳಗೆ ಇಳಿಸಿದಳು.

‘ಕರೀಬ್ಯಾಡ. ಬಾಯಿ ನೋಡು.’

ನೋಡಿದೆ. ಯಂತ್ರ ನಮ್ಮ ಕಡೆ ತಿರುಗಿದಾಗ, ಗೂಡಿನೊಳಗೆ ಚಿಗಪ್ಪನ ತುಟಿ ಆಡುತ್ತಿತ್ತು. ಯಾರ ಜೊತೆ ಮಾತಾಡುತ್ತಿದ್ದಾನೆ ಎಂದು ಕೇಳಿದೆ.

‘ಮಾತಲ್ಲ, ಹಾಡಾಕ ಹತ್ಯಾರ,’ ಎಂದಳು. ‘ಲಾರ್ಯಾಗ ಹಾಡ್ತಿದ್ರಂತ. ಕ್ಲೀನರ್ ಹೇಳ್ತಿದ್ದ. ಮನ್ಯಾಗ ಒಂದ್ ದಿನಾನೂ ಹಾಡಿಲ್ಲ. ನಾ ಕೇಳೇ ಇಲ್ಲ.’

ಹತ್ತಿರ ಹೋಗಿ ಕೇಳಬಾರದೇ ಎಂದೆ. ಎಂಜಿನ್ ಸದ್ದಿನಲ್ಲಿ ಹತ್ತಿರ ಹೋದರೂ ಕೇಳುವುದಿಲ್ಲ ಎಂದಳು. ಹಾಗಾದರೆ ಚಹಾದ ನೆಪದಲ್ಲಿ ನಿಲ್ಲಿಸು, ಎಂಜಿನ್ ಆರಿಸಿದರೆ ಕೇಳಿಸೀತು ಎಂದೆ.

‘ಎಂಜಿನ್ ಬಂದಾದ್ರ ಹಾಡೂ ಬಂದ್ ಆಕ್ಕೈತಿ. ಸುಮ್ನ ನಿಂದ್ರು.’

ನಿಂತೆವು. ಯಂತ್ರ ಕಲ್ಲು ಎತ್ತಿಕೊಂಡು ಹೋಯಿತು, ಒಡ್ಡಿನ ಮೇಲೆ ಇಟ್ಟಿತು, ತಿರುಗಿ ಬಂತು. ಅವಳ ಕೈಯಲ್ಲಿದ್ದ ಚಹಾದ ಮೇಲೆ ಕೆನೆ ಕಟ್ಟಿತು. ಯಾವ ಹಾಡು ಇರಬಹುದು ಎಂದು ನಾನು ಕೇಳಿದೆ. ಗೊತ್ತಿಲ್ಲ ಎನ್ನುವಂತೆ ತಲೆಯಾಡಿಸಿದಳು. ಆದರೆ ಆ ತುಟಿಗಳು ಎದುರಿಗೆ ಬಂದಾಗಲೆಲ್ಲ ಅವಳ ತುಟಿಯೂ, ಮೇಷ್ಟರ ಹಿಂದೆ ಪಾಠ ಹೇಳುವ ಮಕ್ಕಳ ಹಾಗೆ, ಸದ್ದಿಲ್ಲದೆ ಸ್ವಲ್ಪ ಸ್ವಲ್ಪ ಆಡುತ್ತಿತ್ತು.